ಹಬ್ಬದೂಟದ ಬಳಿಕ ಕಸದ ಬುಟ್ಟಿಯಲ್ಲಿ ಏನಿದೆ?

ಈದ್ ಸಂಭ್ರಮದ ದಿನ. ತಕ್ಬೀರ್‌ನ ಧ್ವನಿ, ಅತ್ತರಿನ ಪರಿಮಳ, ಬಂಧುಗಳ ಆಗಮನ, ಅಡುಗೆಮನೆಯಿಂದ ಹೊಮ್ಮುವ ಬಿರಿಯಾನಿಯ ಘಮ. ಆ ದಿನ ಉಪವಾಸ ಆಚರಿಸುವುದನ್ನೇ ಇಸ್ಲಾಮ್ ನಿಷೇಧಿಸಿದೆ. ಉಣ್ಣಬೇಕು, ಉಣಿಸಬೇಕು, ಸಂತೋಷ ಪಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಅತಿಥಿಗಳು ಹೊರಟ ಮೇಲೆ ಹಿತ್ತಿಲಿನ ಕಸದ ಬುಟ್ಟಿಯನ್ನೊಮ್ಮೆ ನೋಡಿ. ಅರ್ಧ ತಿಂದು ಬಿಟ್ಟ ಅನ್ನ, ಕಚ್ಚಿ ಎಸೆದ ಮಾಂಸದ ತುಂಡು, ಒಂದೇ ಗುಟುಕು ಕುಡಿದ ನೀರಿನ ಬಾಟಲಿ, ಕಾಗದದ ಲೋಟ, ಸುತ್ತಿ ಬಿಸಾಡಿದ ಪ್ಲಾಸ್ಟಿಕ್ ಸುಪ್ರ. ಒಂದು ತಿಂಗಳು ಹಸಿವಿನ ಪಾಠ ಕಲಿತವರ ಮನೆಗೆ ಇದು ಭೂಷಣವೇ?

ತಿನ್ನಿರಿ, ಕುಡಿಯಿರಿ, ಆದರೆ ಮಿತಿಮೀರಬೇಡಿ ಎಂಬ ಆದೇಶ ಪವಿತ್ರ ಕುರ್‌ಆನಿನ ಅಲ್ ಅಅ್‌ರಾಫ್ ಅಧ್ಯಾಯದ 31ನೇ ಸೂಕ್ತದಲ್ಲಿದೆ. ತಟ್ಟೆಯಲ್ಲಿ ಏನನ್ನೂ ಉಳಿಸದೆ ಉಣ್ಣಬೇಕು, ಕೆಳಗೆ ಬಿದ್ದ ತುತ್ತನ್ನೂ ಶುಚಿಗೊಳಿಸಿ ತಿನ್ನಬೇಕು ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಪರಿಸರ ಸಂರಕ್ಷಣೆ ಎಂಬ ಮಾತು ಕೇಳಿಬರುವ ಎಷ್ಟೋ ಶತಮಾನಗಳ ಮೊದಲೇ ನಮ್ಮ ಊಟದ ತಟ್ಟೆಗೆ ಈ ಶಿಸ್ತು ಬಂದಿತ್ತು.

ಒಂದು ಹಿಡಿ ಅನ್ನದ ಲೆಕ್ಕ

ಒಂದು ಸಣ್ಣ ಲೆಕ್ಕ ನೋಡೋಣ. ಹಬ್ಬದ ಊಟಕ್ಕೆ ನೂರು ಮಂದಿ ಬಂದರು. ಪ್ರತಿಯೊಬ್ಬರೂ ತಟ್ಟೆಯಲ್ಲಿ ಒಂದು ಹಿಡಿ, ಅಂದರೆ 75 ಗ್ರಾಂ ಅನ್ನ ಬಿಟ್ಟರು ಎಂದಿಟ್ಟುಕೊಳ್ಳಿ. ಒಟ್ಟು ಏಳೂವರೆ ಕಿಲೋ ಅನ್ನವಾಯಿತು. ಅದು ಸುಮಾರು ಎರಡೂವರೆ ಕಿಲೋ ಅಕ್ಕಿಯ ಅನ್ನ. ಒಬ್ಬ ವ್ಯಕ್ತಿಯ ಫಿತ್ರ್ ಝಕಾತ್ ಕೂಡ ಹೆಚ್ಚುಕಡಿಮೆ ಅಷ್ಟೇ! ಹಬ್ಬದ ದಿನ ಯಾರೂ ಹಸಿದಿರಬಾರದೆಂದು ಬೆಳಿಗ್ಗೆ ನಮಾಝಿಗೆ ಮುನ್ನ ಕೊಟ್ಟಷ್ಟನ್ನು ಮಧ್ಯಾಹ್ನ ನಾವೇ ಕಸಕ್ಕೆ ಹಾಕಿದೆವು.

ಇದು ಒಂದು ಮನೆಯ ಮಾತಾಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇ. 60ರಷ್ಟು ವ್ಯರ್ಥವಾದದ್ದು ಹೋಟೆಲುಗಳಲ್ಲಲ್ಲ, ಮನೆಗಳಲ್ಲಿ.

ಎಸೆದ ಆಹಾರ ಅಲ್ಲಿಗೇ ಮುಗಿಯುವುದಿಲ್ಲ. ಕಸದ ರಾಶಿಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತು ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲವಾಗುತ್ತದೆ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಬೆಟ್ಟ ಜಾರಿ ಕೆಳಗಿನ ಮಂದಾರದ ತೋಟ, ಮನೆಗಳನ್ನು ಆವರಿಸಿತು. ಅನೇಕ ಕುಟುಂಬಗಳು ಮನೆ ತೊರೆಯಬೇಕಾಯಿತು. ಊರಿನ ಮನೆಮನೆಗಳಿಂದ ಹೋದ ಕಸವೇ ಅಲ್ಲಿ ಬೆಟ್ಟವಾಗಿತ್ತು. ನೆರೆಯವನಿಗೆ ಕಿರುಕುಳ ಕೊಡಬಾರದು ಎಂಬ ಬೋಧನೆ ಕಸದ ವಿಷಯಕ್ಕೂ ಅನ್ವಯಿಸುವುದಿಲ್ಲವೇ?

ಅಡುಗೆಗೆ ಮುನ್ನ

* ಬರುವವರು ಎಷ್ಟು ಮಂದಿ ಎಂದು ಮೊದಲೇ ಕೇಳಿಕೊಳ್ಳಿ. ಬಿರಿಯಾನಿಗೆ ದೊಡ್ಡವರಿಗೆ ತಲಾ 100ರಿಂದ 125 ಗ್ರಾಂ ಅಕ್ಕಿ, ಮಕ್ಕಳಿಗೆ ಅದರ ಅರ್ಧ ಸಾಕು. ಇಬ್ಬರ ಆಹಾರ ಮೂವರಿಗೆ, ಮೂವರ ಆಹಾರ ನಾಲ್ವರಿಗೆ ಸಾಕಾಗುತ್ತದೆ ಎಂಬ ಪ್ರವಾದಿ(ಸ) ವಚನ ನೆನಪಿರಲಿ.

* ನೈಚೋರು, ಬಿರಿಯಾನಿ, ಪತ್ತಿರಿ, ಪರೋಟ ಎಲ್ಲವೂ ಒಂದೇ ಹೊತ್ತಿಗೆ ಬೇಡ. ಬಗೆ ಹೆಚ್ಚಿದಷ್ಟೂ ಬಿಡುವುದೂ ಹೆಚ್ಚು.

* ಬಡವರ, ನೆರೆಯವರ ಪಾಲನ್ನು ಮೊದಲೇ ತೆಗೆದಿಟ್ಟು ಬಿಸಿಯಿರುವಾಗಲೇ ಕಳುಹಿಸಿ. ಉಳಿದದ್ದನ್ನು ಕೊಡುವುದು ದಾನದ ಸೌಂದರ್ಯವಲ್ಲ. ಬೇಯಿಸಿದ ಅನ್ನವನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಟ್ಟರೆ ಅದು ಅಪಾಯಕಾರಿಯೂ ಆಗಬಹುದು. ಮತ್ತೆ ಬಿಸಿ ಮಾಡಿದರೂ ಕೆಲವು ವಿಷಾಂಶಗಳು ಹೋಗುವುದಿಲ್ಲ.

* ಮೊದಲು ಸ್ವಲ್ಪ ಬಡಿಸಿ, ಬೇಕೆಂದರೆ ಮತ್ತೆ ಬಡಿಸಿ. ಒತ್ತಾಯ ಮಾಡಿ ಬಡಿಸುವುದೇ ಅತಿಥಿ ಸತ್ಕಾರವಲ್ಲ.

* ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆಯನ್ನು ಒಣ ಎಲೆಗಳ ಜೊತೆ ಮಡಕೆಗೆ ಹಾಕಿದರೆ ಗೊಬ್ಬರವಾಗುತ್ತದೆ. ಎಲುಬುಗಳನ್ನು ನಾಯಿ ಕೆದರದಷ್ಟು ಆಳಕ್ಕೆ ಹೂಳಿ.

ತಟ್ಟೆ ತೊಳೆಯುವವರು ಯಾರು?

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಮತ್ತು ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ಕರ್ನಾಟಕ ಸರಕಾರ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದೆ. ಕಾಗದದ ಲೋಟವೂ ನಿರಪಾಯಕಾರಿಯಲ್ಲ. ಅದರ ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪನವಿರುತ್ತದೆ. ಅಂಥ ಲೋಟದಲ್ಲಿ 100 ಮಿ.ಲೀ. ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆ ಎಂದು ಖರಗ್‌ಪುರದ ಐಐಟಿ ಸಂಶೋಧಕರು 2020ರಲ್ಲಿ ತಿಳಿಸಿದರು.

ಹಾಗಾದರೆ ಇವು ನಮ್ಮ ಮನೆಗೆ ಬಂದದ್ದೇಕೆ? ನಿಜ ಹೇಳಬೇಕೆಂದರೆ, ತೊಳೆಯುವ ಶ್ರಮ ತಪ್ಪಿಸಲು. ಮುಂಜಾನೆಯಿಂದ ಒಲೆಯ ಮುಂದೆ ನಿಂತ ಮಹಿಳೆಯೇ ನೂರು ತಟ್ಟೆಗಳನ್ನೂ ತೊಳೆಯಬೇಕೆಂದರೆ ಆಕೆಗೆ ಈದ್ ಎಲ್ಲಿ ಉಳಿಯಿತು? ಸ್ಟೀಲ್ ತಟ್ಟೆ ಮರಳಿ ಬರಬೇಕಾದರೆ ಕೆಲಸದ ಹಂಚಿಕೆಯೂ ಬರಬೇಕು. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆಮಂದಿಯ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹಝ್ರತ್ ಆಯಿಶಾ(ರ) ಹೇಳಿದ್ದಾರೆ. ನಮ್ಮ ಮನೆಯ ಗಂಡಸರೂ ಮಕ್ಕಳೂ ತಾವು ಉಂಡ ತಟ್ಟೆಯನ್ನು ತಾವೇ ತೊಳೆದಿಟ್ಟರೆ ಸುನ್ನತ್ತೂ ಪಾಲನೆಯಾಯಿತು, ಕಸವೂ ಕಡಿಮೆಯಾಯಿತು.

ದೊಡ್ಡ ಹರಿವಾಣದ ಸುತ್ತ ನಾಲ್ಕೈದು ಮಂದಿ ಕುಳಿತು ಉಣ್ಣುವ ಹಳೆಯ ಪದ್ಧತಿಯೂ ಒಳ್ಳೆಯದೇ. ತೊಳೆಯುವ ಪಾತ್ರೆ ಕಡಿಮೆ, ಬಿಡುವ ಅನ್ನ ಕಡಿಮೆ, ಆತ್ಮೀಯತೆ ಹೆಚ್ಚು. ಬಾಳೆ ಎಲೆ ಸಿಗುವಲ್ಲಿ ಅದನ್ನೇ ಬಳಸಬಹುದು. ಮೊಹಲ್ಲಾದ ಮಹಿಳೆಯರು ಸೇರಿ ನೂರು ತಟ್ಟೆ, ನೂರು ಲೋಟ ಕೊಂಡಿಟ್ಟರೆ ಈದ್, ನಿಕಾಹ್, ಇಫ್ತಾರ್ ಎಲ್ಲಕ್ಕೂ ವರ್ಷಗಟ್ಟಲೆ ಬಳಕೆಗೆ ಬರುತ್ತದೆ. ಸಣ್ಣ ಬಾಟಲಿಗಳ ಬದಲು ಮಣ್ಣಿನ ಹೂಜಿ ಇಡಿ.

ಸಹೋದರಿಯರೇ, ಮನುಷ್ಯನನ್ನು ಅಲ್ಲಾಹನು ಭೂಮಿಯಲ್ಲಿ ತನ್ನ ಪ್ರತಿನಿಧಿಯಾಗಿ ಮಾಡಿದ್ದಾನೆ. ಆ ಹೊಣೆ ದೊಡ್ಡ ಸಭೆಗಳಲ್ಲಿ ಮಾತ್ರವಲ್ಲ, ನಮ್ಮ ಅಡುಗೆಮನೆಯಲ್ಲೂ ಇದೆ. ಈ ಬಾರಿ ಈದ್ ಸಂಜೆ ಮಕ್ಕಳನ್ನು ಕರೆದು ಕಸದ ಬುಟ್ಟಿಯನ್ನು ತೋರಿಸಿ. ಅದು ಹಗುರವಾಗಿದ್ದರೆ ಎಲ್ಲರೂ ಸೇರಿ ಅಲ್‌ಹಮ್ದುಲಿಲ್ಲಾಹ್ ಎನ್ನಿರಿ.