ಬಾಣಂತಿಗೆ ಮಾತೂ ಮದ್ದು

ಮಗು ಮುದ್ದಾಗಿದೆ. ತೊಟ್ಟಿಲ ಶಾಸ್ತ್ರಕ್ಕೆ ನೆಂಟರೆಲ್ಲ ಬಂದು ಹೋಗಿದ್ದಾರೆ. ಅಮ್ಮ ಹೊತ್ತು ಹೊತ್ತಿಗೆ ಬೆಳ್ಳುಳ್ಳಿ, ಮೆಣಸಿನ ಸಾರು ಬಡಿಸ್ತಾರೆ. ಆದರೂ ಬಚ್ಚಲುಮನೆ ಬಾಗಿಲು ಹಾಕಿಕೊಂಡು ಅಳುವಂತಾಗುತ್ತಿದೆಯೇ? ‘ಇವಳಿಗೇನು ಕಮ್ಮಿಯಾಗಿದೆ’ ಅಂದುಬಿಟ್ಟಾರು ಅಂತ ಬಾಯಿ ಬಿಡುತ್ತಿಲ್ಲವೇ?

ಹೆರಿಗೆಯಾದ ಮೂರ್ನಾಲ್ಕು ದಿನಕ್ಕೆ ಶುರುವಾಗುವ ಅಳು, ಸಿಡುಕು ಹೆಚ್ಚಿನ ತಾಯಂದಿರಿಗೆ ಬರುವಂಥದ್ದೇ. ಹತ್ತು ದಿನದಲ್ಲಿ ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿದರೂ ಮಂಕು ಹೋಗದಿದ್ದರೆ, ಮಗು ಮಲಗಿದಾಗಲೂ ನಿಮಗೆ ನಿದ್ದೆ ಹತ್ತದಿದ್ದರೆ, ಅದು ಖಿನ್ನತೆಯಿರಬಹುದು. ದೃಷ್ಟಿ ತೆಗೆಸಬೇಡಿ ಅನ್ನೋಲ್ಲ, ಡಾಕ್ಟರ ಹತ್ತಿರವೂ ಹೋಗಿ.

ತೀರಾ ಜಾಸ್ತಿಯಾಗಿರದ ಖಿನ್ನತೆಗೆ ಮಾತಿನ ಚಿಕಿತ್ಸೆ ಚೆನ್ನಾಗಿ ಹಿಡಿಸುತ್ತದೆ. ‘ಮಾತಾಡೋಕೆ ಪಕ್ಕದ ಮನೆಯವರಿಲ್ವೇ?’ ಎನ್ನಬೇಡಿ. ಪಕ್ಕದ ಮನೆಯವರು ಬುದ್ಧಿ ಹೇಳ್ತಾರೆ, ಇವರು ಕೇಳಿಸಿಕೊಳ್ತಾರೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆ. ಮಗು ಹಾಲು ಕಕ್ಕಿತು ಅನ್ನಿ. ತಕ್ಷಣ ‘ನಾನು ತಾಯಿಯಾಗೋಕೆ ಲಾಯಕ್ಕಿಲ್ಲ’ ಅನ್ನಿಸುತ್ತದೆ. ಆ ಯೋಚನೆಯನ್ನೇ ಹಿಡಿದು ಕೇಳುತ್ತಾರೆ: ಹಾಲು ಕಕ್ಕದ ಕೂಸುಂಟೇ? ನಿಮ್ಮ ತಂಗಿಗೆ ಹೀಗಾಗಿದ್ದರೆ ಏನು ಹೇಳ್ತಿದ್ರಿ? ಮನೆಗೆ ಸಣ್ಣ ಕೆಲಸವನ್ನೂ ಕೊಡಬಹುದು. ಹತ್ತು ನಿಮಿಷ ತಾರಸಿ ಮೇಲೆ ಓಡಾಡುವುದು, ರಾತ್ರಿಯ ಒಂದು ಸರದಿಯನ್ನು ಗಂಡನಿಗೆ ಒಪ್ಪಿಸುವುದು. (ಎರಡನೆಯದೇ ಕಷ್ಟ!) ಅತ್ತೆಯ ಜೊತೆಗಿನ ಮುನಿಸು, ಬಿಟ್ಟ ನೌಕರಿಯ ಕೊರಗು ಇವನ್ನೂ ಅಲ್ಲಿ ಬಿಚ್ಚಿಡಬಹುದು.

ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಖಿನ್ನತೆಯಿದ್ದ ಬಸುರಿಯರ ಮನೆಗೆ ಹೋಗಿ ಹೀಗೆ ಮಾತಾಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಊರಿನ ಆರೋಗ್ಯ ಕಾರ್ಯಕರ್ತೆಯರು. ಹೆರಿಗೆಯಾಗಿ ಆರು ತಿಂಗಳಿಗೆ ಇವರಲ್ಲಿ ನೂರಕ್ಕೆ 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ಬರೀ ಮಾಮೂಲಿ ಭೇಟಿ ಸಿಕ್ಕವರಲ್ಲಿ 53.

ಜೀವ ಕಳಕೊಳ್ಳುವ, ಮಗುವಿಗೆ ಏನಾದರೂ ಮಾಡುವ ಯೋಚನೆ ಬಂದರೆ, ಇಲ್ಲದ ದನಿ ಕೇಳಿಸಿದರೆ ಬರೀ ಮಾತು ಸಾಲದು. ಹಿರಿಯರು ಬಾಣಂತಿ ಸನ್ನಿ ಅನ್ನುತ್ತಿದ್ದುದೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮಾತ್ರೆ ಬರೆದರೆ ಹೆದರಬೇಡಿ, ಹಾಲೂಡಿಸುತ್ತಿದ್ದೀರೆಂದು ಹೇಳಿದರೆ ಅದಕ್ಕೆ ಹೊಂದುವುದನ್ನೇ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ–ಮಗುವನ್ನು ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡೇ ಇದೆ.

ಎಲ್ಲಿಂದ ಶುರು ಮಾಡಲಿ ಅಂತೀರಾ? ಹೆರಿಗೆ ಮಾಡಿಸಿದ ಡಾಕ್ಟರನ್ನೇ ಕೇಳಿ. ಇಲ್ಲವೇ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಚಿಕಿತ್ಸೆಗೆ ಹೋಗುವಾಗ ಮಗುವನ್ನು ನೋಡಿಕೊಳ್ಳೋರು ಯಾರೂ ಇಲ್ಲವೇ? ಎತ್ತಿಕೊಂಡೇ ಹೋಗಿ. ಅತ್ತರೆ ಹಾಲು ಕುಡಿಸುತ್ತಲೇ ಮಾತಾಡಿ.