ಒಳಾಂಗಣ ಕ್ರೀಡೆಗಳು ಮತ್ತು ಅವುಗಳ ಭವನಗಳು

ಜೂನ್ ತಿಂಗಳಲ್ಲಿ ಶಾಲೆಗಳ ಬಾಗಿಲು ತೆರೆಯುವುದೂ ಕಾಸರಗೋಡಿನ ಕರಾವಳಿಗೆ ಮುಂಗಾರು ಇಳಿಯುವುದೂ ಹೆಚ್ಚುಕಡಮೆ ಜೊತೆಯಾಗಿಯೇ ನಡೆಯುತ್ತವೆ. ಅಂದಿನಿಂದ ನಾಲ್ಕು ತಿಂಗಳು ಶಾಲೆಯ ಬಯಲೆಲ್ಲ ಕೆಸರು. ವಿದ್ಯಾರ್ಥಿಗಳ ಆಟದ ವೇಳೆಯಲ್ಲಿ ಬಹುಭಾಗವು ಹೀಗೆ ಮಳೆಯ ಪಾಲಾಗುವುದು. ಒಳಾಂಗಣ ಕ್ರೀಡೆಯು ನಮ್ಮ ನಾಡಿಗೆ ವಿಲಾಸವಲ್ಲ, ಅವಶ್ಯಕತೆಯೆಂಬುದನ್ನು ಮನಗಾಣಲು ಇಷ್ಟೇ ಸಾಕು.

ನಮ್ಮ ಹಿರಿಯರು ಇದನ್ನು ಅರಿಯದವರಲ್ಲ. ಆಟಿ ತಿಂಗಳ ಜಡಿಮಳೆಯಲ್ಲಿ ತುಳುನಾಡಿನ ಮನೆಗಳ ಚಾವಡಿಗೆ ಚೆನ್ನೆಮಣೆಯು ಬರುತ್ತಿತ್ತು. ಸಾಲಿಗೆ ಏಳರಂತೆ 14 ಗುಳಿಗಳು, ಗುಳಿಗೆ ನಾಲ್ಕರಂತೆ 56 ಕಾಯಿಗಳು, ಎದುರುಬದುರು ಇಬ್ಬರು ಆಟಗಾರರು. ಇಷ್ಟರಲ್ಲಿಯೇ ಲೆಕ್ಕಾಚಾರವೂ ಮುಂದಾಲೋಚನೆಯೂ ಅಭ್ಯಾಸವಾಗುತ್ತಿದ್ದವು. ಚದುರಂಗ, ಕೇರಂಗಳೂ ಇದೇ ಜಾತಿಯವು. ಅವುಗಳಿಗೆ ಒಳ್ಳೆಯ ಬೆಳಕು ಮತ್ತು ಶಾಂತಿ ಇದ್ದರೆ ಯಾವ ಕೋಣೆಯೂ ಆದೀತು.

ಮೈ ಬಗ್ಗಿಸಿ ಆಡುವ ಆಟಗಳ ಸಂಗತಿಯೇ ಬೇರೆ. ಬ್ಯಾಡ್ಮಿಂಟನ್ ಆಟವನ್ನೇ ನೋಡೋಣ. ಭಾರತದಲ್ಲಿ ಹಿಂದೆ ಪೂನಾ ಎಂಬ ಹೆಸರಿನಿಂದ ಬಯಲಿನಲ್ಲಿ ಆಡುತ್ತಿದ್ದ ಈ ಆಟಕ್ಕೆ ಇಂಗ್ಲೆಂಡಿನ ಬ್ಯಾಡ್ಮಿಂಟನ್ ಎಂಬ ಬಂಗಲೆಯಿಂದ ಈಗಿನ ಹೆಸರು ಬಂದಿತು. ಹದಿನಾರು ಗರಿಗಳ ಷಟಲ್‌ಕಾಕಿನ ತೂಕ 4.74ರಿಂದ 5.50 ಗ್ರಾಂ ಮಾತ್ರ. ಕಡಲಗಾಳಿ ಒಮ್ಮೆ ಬೀಸಿದರೆ ಆಟಗಾರನ ಕೌಶಲವೆಲ್ಲ ವ್ಯರ್ಥ. ಆದ್ದರಿಂದಲೇ ಈ ಆಟವು ನಾಲ್ಕು ಗೋಡೆಗಳನ್ನೂ ಒಂದು ಮಾಡನ್ನೂ ಬಯಸಿತು.

ಹಾಗಾದರೆ ಸ್ಪರ್ಧೆ ನಡೆಯುವ ಭವನವು ಹೇಗಿರಬೇಕು? ಬ್ಯಾಡ್ಮಿಂಟನ್ ಅಂಕಣದ ಉದ್ದ 13.40 ಮೀಟರ್, ಅಗಲ 6.10 ಮೀಟರ್. ಮೇಲಕ್ಕೆ ಹೊಡೆದ ಷಟಲ್ ಮಾಡಿಗೆ ತಾಗಬಾರದು. ಉನ್ನತ ಮಟ್ಟದ ಅಂತಾರಾಷ್ಟ್ರೀಯ ಪಂದ್ಯಗಳಿಗೆ 12 ಮೀಟರ್ ಎತ್ತರವನ್ನು ಅಪೇಕ್ಷಿಸುತ್ತಾರೆ. ಬಿಳಿಯ ಗರಿ ಕಣ್ಣಿಗೆ ಕಾಣಲು ಹಿಂದಿನ ಗೋಡೆಗೆ ಗಾಢವರ್ಣ ಬೇಕು. ಮೇಲೆ ನೋಡುವಾಗ ಕಣ್ಣು ಕೋರೈಸದಂತೆ ದೀಪಗಳು ಅಂಕಣದ ಪಕ್ಕಗಳಲ್ಲಿರಬೇಕು. ನೆಲವು ಜಾರಬಾರದು, ಜಿಗಿದು ಇಳಿಯುವವರ ಮೊಣಕಾಲಿಗೆ ಪೆಟ್ಟಾಗದಂತೆ ಸ್ವಲ್ಪ ಮಣಿಯುವ ಮರದ ಹಾಸು ಶ್ರೇಷ್ಠ. ಆಟದ ವೇಳೆ ಬೀಸಣಿಗೆಯೂ ತಿರುಗಬಾರದು.

ಟೇಬಲ್ ಟೆನ್ನಿಸಿಗೆ ಇಷ್ಟು ಎತ್ತರ ಬೇಡ. ಅದರ ಮೇಜು 2.74 ಮೀಟರ್ ಉದ್ದ, 1.525 ಮೀಟರ್ ಅಗಲ. ಚೆಂಡಿನ ತೂಕ ಕೇವಲ 2.7 ಗ್ರಾಂ. ಆದರೆ ಆಟಗಾರನು ಹಿಂದೆ ಸರಿದು ಹೊಡೆಯಲು ಸಾಕಷ್ಟು ತೆರಪು ಬೇಕು. ನಮ್ಮ ಮಣ್ಣಿನ ಆಟವಾದ ಕಬಡ್ಡಿಯೂ ಇಂದು ಒಳಗೆ ಬಂದಿದೆ. 1990ರಲ್ಲಿ ಬೀಜಿಂಗಿನ ಏಷ್ಯನ್ ಕ್ರೀಡಾಕೂಟದಲ್ಲಿ ಪದಕದ ಸ್ಪರ್ಧೆಯಾದ ಈ ಆಟದ ದೊಡ್ಡ ಪಂದ್ಯಗಳು ಈಗ ಭವನದೊಳಗೆ, 13 ಮೀಟರ್ ಉದ್ದ 10 ಮೀಟರ್ ಅಗಲದ ಮ್ಯಾಟಿನ ಮೇಲೆ ನಡೆಯುತ್ತವೆ. ಬರಿಗಾಲಲ್ಲಿ ಮಣ್ಣಿನ ಮೇಲೆ ಪಳಗಿದವನಿಗೆ ಮ್ಯಾಟಿನ ಮೇಲೆ ಹೆಜ್ಜೆಯನ್ನು ಹೊಸದಾಗಿ ಕಲಿಯಬೇಕಾಗುವುದು.

1982ರ ಏಷ್ಯನ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಇಂದ್ರಪ್ರಸ್ಥ ಕ್ರೀಡಾಂಗಣವು ಎದ್ದಿತು. ಬೆಂಗಳೂರಿನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣವಿದೆ. ಇಂತಹ ಭವ್ಯ ಭವನಗಳಿಲ್ಲದೆ ಕ್ರೀಡಾಪಟುಗಳು ಹುಟ್ಟಲಾರರೇ? ಈ ಪ್ರಶ್ನೆಗೆ ಪ್ರಕಾಶ್ ಪಡುಕೋಣೆಯವರ ಬಾಲ್ಯವೇ ಉತ್ತರ. ಕುಂದಾಪುರದ ಬಳಿಯ ಪಡುಕೋಣೆ ಮೂಲದ ಕುಟುಂಬದ ಈ ಬಾಲಕನು ಬೆಂಗಳೂರಿನ ಮಲ್ಲೇಶ್ವರದಲ್ಲಿ ಆಟ ಕಲಿತದ್ದು ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣದಲ್ಲಿ! ಅಂದು ಅಲ್ಲಿ ಯಾವ ಸಮಾರಂಭವೂ ಇಲ್ಲವೆಂದು ತಿಳಿದೊಡನೆ ಮಕ್ಕಳು ಶಾಲೆ ಬಿಟ್ಟು ಅಲ್ಲಿಗೆ ಧಾವಿಸುತ್ತಿದ್ದರು. ಆ ಬಾಲಕನೇ 1971ರಿಂದ 1979ರವರೆಗೆ ಸತತವಾಗಿ ಒಂಬತ್ತು ಸಲ ರಾಷ್ಟ್ರೀಯ ಚಾಂಪಿಯನ್ ಆದನು. 1980ರಲ್ಲಿ ಲಂಡನ್ನಿನ ವೆಂಬ್ಲಿ ಭವನದಲ್ಲಿ ಇಂಡೋನೇಷ್ಯದ ಲಿಯೆಮ್ ಸ್ವಿ ಕಿಂಗ್ ಅವರನ್ನು 15-3, 15-10 ಅಂಕಗಳಿಂದ ಮಣಿಸಿ, ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಪಡೆದ ಪ್ರಥಮ ಭಾರತೀಯನೆನಿಸಿದನು.

ಸ್ಪರ್ಧೆಗೆ ಅಳತೆಯ ಭವನ ಬೇಕು, ನಿಜ; ಆದರೆ ಕಲಿಕೆಗೆ ಬೇಕಾದುದು ತೆರೆದ ಬಾಗಿಲು. ನಮ್ಮ ಊರುಗಳಲ್ಲಿಯೂ ಸಭಾಭವನಗಳಿವೆ, ಕಲ್ಯಾಣಮಂಟಪಗಳಿವೆ. ಆಟಿಯಲ್ಲಿ ಮದುವೆಗಳು ನಡೆಯುವುದಿಲ್ಲ. ಬಯಲು ಕೆಸರಾಗಿ ಮಕ್ಕಳು ಮನೆಯೊಳಗೆ ಕುಳಿತಿರುವ ದಿನಗಳಲ್ಲಿಯೇ ಈ ಮಂಟಪಗಳೂ ಬೀಗ ಹಾಕಿಕೊಂಡು ಕುಳಿತಿರುತ್ತವೆ! ಮಾಡು ತುಸು ತಗ್ಗಾಗಿದ್ದರೂ ಆರಂಭದ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಹಿರಿಯರು ಬೀಗದ ಕೈಯನ್ನು ದಯಪಾಲಿಸಲಿ. ಮಕ್ಕಳು ನೆಲ ಗುಡಿಸಿ, ಸುಣ್ಣದ ಗೆರೆ ಎಳೆದು, ಆಟ ಮುಗಿದ ಮೇಲೆ ಅಳಿಸಿ, ಭವನವನ್ನು ಇದ್ದಂತೆಯೇ ಒಪ್ಪಿಸಲಿ. ಬರುವ ಮಳೆಗಾಲದಲ್ಲಿ ಒಂದೂರಿನಲ್ಲಾದರೂ ಇದು ನಡೆದರೆ ಈ ಬರಹವು ಸಾರ್ಥಕ.