ಬಿದ್ದ ಮರಿಗೆ ಬೆಳ್ಳೂರಿನ ಆಸರೆ

ಪುಣೆ ಬಳಿಯ ನಿಗಡಿ ಕಡೆಯ ಪಕ್ಷಿಪ್ರಿಯರು ಚಳಿಗಾಲದಲ್ಲಿ ಉಜನಿ ಹಿನ್ನೀರಿನ ಭಿಗವಣಕ್ಕೆ ಹೋಗುವುದು ಹೆಚ್ಚಾಗಿ ಫ್ಲೆಮಿಂಗೊ ನೋಡಲಿಕ್ಕೆ. ಅಲ್ಲೇ ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ, ಕಾಲಲ್ಲಿ ಕೆಸರು ಕಲಕುತ್ತ ಮೀನು ಹಿಡಿಯುವ ಬಣ್ಣದ ಕೊಕ್ಕರೆಯೂ ಇದೆ. ಕಿತ್ತಳೆ ಮುಖ, ಎದೆಗೆ ಕಪ್ಪು ಪಟ್ಟಿ, ಬಾಲದ ಬಳಿ ಗುಲಾಬಿ ಗರಿ. ಈ ಹಕ್ಕಿಯನ್ನು ಸಾಕುವ ಕಲೆ ಮೃಗಾಲಯಗಳಿಗಷ್ಟೇ ಗೊತ್ತು ಎಂದುಕೊಂಡವರು ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕು.

ಮದ್ದೂರು ತಾಲ್ಲೂಕಿನ ಈ ಊರಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆ ಮುಂದಿನ ಹುಣಸೆ, ಆಲದ ಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಹಕ್ಕಿ ಕೂತ ಮರದ ಹುಣಸೆಯನ್ನು ಜನ ಕೀಳದೆ ಬಿಡುತ್ತಿದ್ದರು. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರ ಜೊತೆಗೂಡಿ ಊರಿನ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ತಂತಿ ಬೇಲಿಯ ಆವರಣದಲ್ಲಿಟ್ಟು ಸಾಕುವ ಕೆಲಸ ಅವರದು.

ಗಾಳಿಗೋ ಒಡಹುಟ್ಟಿದವುಗಳ ತಳ್ಳಾಟಕ್ಕೋ ಕೆಳಗೆ ಬಿದ್ದ ಮರಿಗೆ ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ. ಯಾರೂ ಎತ್ತದಿದ್ದರೆ ಹಸಿವಿಗೋ ನಾಯಿಗೋ ಬಲಿ. ಸಾಕುವವರಿಗೆ ಒಂದು ಅನುಕೂಲವಿದೆ: ಕೊಕ್ಕರೆಗಳು ಮೀನನ್ನು ಮರಿಯ ಬಾಯಿಗಿಡದೆ ಗೂಡಿನ ತಳಕ್ಕೆ ಕಕ್ಕುತ್ತವೆ, ಮರಿಗಳೇ ಹೆಕ್ಕಿ ನುಂಗುತ್ತವೆ. ಹಾಗಾಗಿ ತುಸು ಬಲಿತ ಮರಿಯ ಮುಂದೆ ಸಣ್ಣ ಮೀನು ಹಾಕಿದರೂ ತಾನೇ ತಿನ್ನುತ್ತದೆ. ಮೀನು ಮುಳ್ಳು ಸಮೇತ ಇಡಿಯಾಗಿರಬೇಕು, ಇಲ್ಲದಿದ್ದರೆ ಸುಣ್ಣದಂಶ ಸಾಲದೆ ಮೂಳೆ ಬಾಗುತ್ತದೆ. ನುಣುಪು ನೆಲವೂ ಕೂಡದು. ಉದ್ದ ಕಾಲು ಜಾರಿ ಅಗಲವಾದರೆ ಮತ್ತೆ ಸರಿಹೋಗುವುದು ಕಷ್ಟ. ಬಿಸಿಲಿನ ಹೊತ್ತು ತಾಯಿ ರೆಕ್ಕೆ ಬಿಚ್ಚಿ ನೆರಳು ಕೊಡುತ್ತದೆ, ನೀರು ತಂದು ಕುಡಿಸುತ್ತದೆ. ಬೇಲಿಯೊಳಗೆ ಎರಡನ್ನೂ ಮನುಷ್ಯರೇ ಒದಗಿಸಬೇಕು.

ಮೃಗಾಲಯಗಳಲ್ಲಿ ಫ್ಲೆಮಿಂಗೊ, ದಕ್ಷಿಣ ಅಮೆರಿಕದ ಕೆಂಪು ಐಬಿಸ್‌ಗಳ ಮೇವಿಗೆ ಕ್ಯಾರೊಟಿನಾಯ್ಡ್ ಎಂಬ ಬಣ್ಣದ್ರವ್ಯ ಬೆರೆಸುತ್ತಾರೆ, ಇಲ್ಲದಿದ್ದರೆ ಬಣ್ಣ ಮಾಸುತ್ತದೆ. ಬೆಳ್ಳೂರಿನವರಿಗೆ ಆ ಚಿಂತೆಯಿಲ್ಲ. ಅವರ ಕೈಯಲ್ಲಿ ಬೆಳೆಯುವ ಮರಿ ಬೂದು ಬಣ್ಣದ್ದೇ. ಪೂರ್ತಿ ಬಣ್ಣ ಬರಲು ಎರಡು-ಮೂರು ವರ್ಷ ಬೇಕು, ಅಷ್ಟರೊಳಗೆ ಅದು ಹಾರಿಹೋಗಿರುತ್ತದೆ. ನನಗೆ ಈ ಊರಿನ ಬಗ್ಗೆ ಗೌರವ ಇರುವುದು ಇದಕ್ಕೇ. ಚೆಂದ ಕಾಣುವ ಮೊದಲೇ ಬಿಟ್ಟುಕೊಡಲೆಂದು ಸಾಕುತ್ತಾರೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೋದರೆ ಗೂಡು, ಮರಿ ಎರಡೂ ಕಾಣುತ್ತವೆ. ಫೋಟೊಗಾಗಿ ಮರದಡಿ ಚಪ್ಪಾಳೆ ತಟ್ಟಬೇಡಿ. ಬೆದರಿದ ಮರಿ ಗೂಡಿನಂಚಿಗೆ ಸರಿದು ಬೀಳುತ್ತದೆ.